ಅಣು ವಿದ್ಯುತ್ ಸ್ಥಾವರದಲ್ಲಿ ಸೇಫ್ಟಿ, ಕಂಪ್ಲಯನ್ಸ್ ಹೊಣೆ ನಿಮ್ಮ ಹೆಗಲಿಗೆ ಬಂದ್ರೆ: ಎಲ್ಲಿಂದ ಶುರು ಮಾಡ್ಬೇಕು, ಹೇಗೆ ನಡೆಸ್ಬೇಕು

ಆಪರೇಷನ್ನು, ಮೇಂಟೆನೆನ್ಸು ಅಥವಾ ಹೆಲ್ತ್ ಫಿಸಿಕ್ಸಲ್ಲಿ (ಕೆಲಸದವರಿಗೆ ತಗಲೋ ವಿಕಿರಣ ಅಳೆದು ಹತೋಟಿಯಲ್ಲಿಡೋ ವಿಭಾಗ) ಹತ್ತು ಹದಿನೈದು ವರ್ಷ ದುಡಿದು ಆಮೇಲೆ ಟೆಕ್ನಿಕಲ್ ಆಡಿಟ್ ಅಥವಾ ಸೇಫ್ಟಿ ವಿಭಾಗಕ್ಕೆ ಬರೋ ಇಂಜಿನಿಯರುಗಳಿಗೆ ಅಂತ ಇದನ್ನ ಬರೀತಿದೀನಿ. ಉದಾಹರಣೆ ಎಲ್ಲ ಹೆಚ್ಚುಕಮ್ಮಿ ಕೈಗಾದಂಥ ಸ್ಥಾವರದ್ದು, ಅಂದ್ರೆ ಭಾರಜಲ (ಹೈಡ್ರೋಜನ್ನಿನ ಭಾರವಾದ ರೂಪ ಇರೋ ನೀರು) ಬಳಸೋ 220 ಮೆಗಾವಾಟಿನ ಘಟಕಗಳು. ಕೈಗಾದಲ್ಲಿ ಅಂಥವು ನಾಲ್ಕಿವೆ, ತಂಪು ಮಾಡೋ ನೀರು ಕದ್ರಾ ಜಲಾಶಯದಿಂದ ಬರತ್ತೆ, ಸುತ್ತ ಪಶ್ಚಿಮ ಘಟ್ಟದ ಕಾಡು, ಮಳೆ ಅಂದ್ರೆ ಸುರಿದು ಹಾಕೋ ಮಳೆ. ಈ ಜಾಗದ ಗುಣ ಮುಂದೆ ಬೇಕಾಗತ್ತೆ ಅದಕ್ಕೇ ಈಗ್ಲೇ ಹೇಳ್ದೆ.

ಒಂದು ಮಾತು ಮೊದಲೇ ಹೇಳ್ಬಿಡ್ತೀನಿ. ಈ ಹುದ್ದೆಗೆ ಬಂದ ಕೂಡ್ಲೇ ಫೈಲು, ಪತ್ರ, ಮೀಟಿಂಗ್ ಮೈಮೇಲೆ ಬೀಳತ್ತೆ, ಅದರಲ್ಲೇ ದಿನ ಕಳೆದುಹೋಗತ್ತೆ, ಆದ್ರೆ ನಿಮ್ಮ ನಿಜವಾದ ಕೆಲಸ ಕಾಗದದಲ್ಲಿ ಬರೆದಿರೋದು ಫೀಲ್ಡಲ್ಲೂ ಹಾಗೇ ಇದೆಯಾ ಅಂತ ನೋಡೋದು, ಇಲ್ಲ ಅಂದ್ರೆ ಆ ವ್ಯತ್ಯಾಸ ಎಷ್ಟೇ ಚಿಕ್ಕದಾದ್ರೂ ಅದರ ಬೆನ್ನು ಹತ್ತೋದು. ಕೆಳಗೆ ಬರೆದಿರೋದೆಲ್ಲ ಇದನ್ನ ಮಾಡೋ ದಾರಿಗಳು ಅಷ್ಟೇ.

ಮೊದಲು: ನಿಮ್ಮ ಮೇಲೆ ಯಾವ್ಯಾವ ಷರತ್ತು ಇದೆ ಅಂತ ಪಟ್ಟಿ ಮಾಡಿ

ಭಾರತದಲ್ಲಿ ಈ ವಿಷಯದ ನಿಯಂತ್ರಕ ಎಇಆರ್‌ಬಿ, ಅಣುಶಕ್ತಿ ನಿಯಂತ್ರಣ ಮಂಡಳಿ, 1962ರ ಅಣುಶಕ್ತಿ ಕಾಯ್ದೆ ಅಡಿಯಲ್ಲಿ 1983ರ ನವೆಂಬರ್ 15ಕ್ಕೆ ಶುರುವಾಗಿದ್ದು. ವಿಕಿರಣ ರಕ್ಷಣೆಗೆ 2004ರ ನಿಯಮಗಳಿವೆ, ವಿಕಿರಣ ತ್ಯಾಜ್ಯಕ್ಕೆ 1987ರ ನಿಯಮ, ಕಾರ್ಖಾನೆ ಸುರಕ್ಷತೆಗೆ 1996ರ ನಿಯಮ. 2025ರ ಡಿಸೆಂಬರಲ್ಲಿ ಸಂಸತ್ತು ಅಣುಶಕ್ತಿಗೆ ಸಂಬಂಧಿಸಿದ ಶಾಂತಿ ಅನ್ನೋ ಹೊಸ ಕಾಯ್ದೆ ಪಾಸು ಮಾಡಿದೆ, ಹಾಗಾಗಿ ಯಾವ ನಿಯಮ ಯಾವ ಕಾಯ್ದೆ ಅಡಿ ನಡೀತಿದೆ ಅನ್ನೋದನ್ನ ಆಗಾಗ ಚೆಕ್ ಮಾಡ್ತಾ ಇರಿ, ಹಳೇ ಪ್ರಿಂಟ್‌ಔಟ್ ನಂಬ್ಕೊಂಡು ಕೂರ್ಬೇಡಿ.

ಇದರ ಕೆಳಗೆ ಎಇಆರ್‌ಬಿ ಕೋಡುಗಳು, ಗೈಡುಗಳು, ನಿಮ್ಮ ಸ್ಥಾವರದ ಲೈಸೆನ್ಸು, ಲೈಸೆನ್ಸಲ್ಲಿರೋ ಷರತ್ತುಗಳು, ಟೆಕ್ನಿಕಲ್ ಸ್ಪೆಸಿಫಿಕೇಶನ್ (ಸ್ಥಾವರವನ್ನ ಯಾವ ಮಿತಿಯೊಳಗೆ ನಡೆಸ್ಬೇಕು ಅನ್ನೋ ದಾಖಲೆ, ಎಲ್ರೂ ಟೆಕ್ ಸ್ಪೆಕ್ ಅಂತಾರೆ), ಅದಾದ್ಮೇಲೆ ಸ್ಥಾವರದ ಪ್ರೊಸೀಜರುಗಳು. ಇವೆಲ್ಲವನ್ನೂ ಒಂದು ರಿಜಿಸ್ಟರಿಗೆ ಇಳಿಸಿ. ದೊಡ್ಡ ಸಾಫ್ಟ್‌ವೇರ್ ಬೇಡ, ಸ್ಪ್ರೆಡ್‌ಶೀಟ್ ಸಾಕು, ಆದ್ರೆ ಪ್ರತಿ ಸಾಲೂ ಪೂರ್ತಿ ಇರ್ಬೇಕು. ಉದಾಹರಣೆಗೆ ಎಮರ್ಜೆನ್ಸಿ ಡೀಸೆಲ್ ಜನರೇಟರ್ ಟೆಸ್ಟ್ ತಗೊಳ್ಳಿ. ಟೆಕ್ ಸ್ಪೆಕ್‌ನ ಯಾವ ಕಲಮು ಇದನ್ನ ಕೇಳ್ತಿದೆ, ಎಷ್ಟು ದಿನಕ್ಕೊಮ್ಮೆ, ಯಾವ ಸೆಕ್ಷನ್ ಮಾಡ್ಬೇಕು, ಯಾವ ಪ್ರೊಸೀಜರ್ ನಂಬರು, ಪಾಸು ಅನ್ನೋಕೆ ಮಾನದಂಡ ಏನು (ಎಷ್ಟು ಸೆಕೆಂಡಲ್ಲಿ ವೋಲ್ಟೇಜ್ ಹಿಡೀಬೇಕು, ಎಷ್ಟು ಲೋಡ್ ಎಷ್ಟು ಹೊತ್ತು ಹೊರಬೇಕು), ರೆಕಾರ್ಡ್ ಎಲ್ಲಿ ಸಿಗತ್ತೆ, ಕೊನೇ ಸಲ ಯಾವಾಗ ಆಯ್ತು, ಅದನ್ನ ಮಾಡಿದವರಲ್ಲದೇ ಬೇರೆ ಯಾರು ನೋಡಿದ್ರು. ಈ ಕೊನೇ ಕಾಲಮ್ಮು ತುಂಬಾ ಕಡೆ ಖಾಲಿ ಇರತ್ತೆ, ಅಲ್ಲಿಂದಾನೇ ನಿಮ್ಮ ಕೆಲಸ ಶುರು.

ರಿಜಿಸ್ಟರ್ ಮಾಡುವಾಗ ಕೆಲವು ಷರತ್ತುಗಳಿಗೆ ಯಾರೂ ವಾರಸುದಾರರೇ ಇಲ್ಲ ಅಂತ ಗೊತ್ತಾಗತ್ತೆ, ಇನ್ನು ಕೆಲವಕ್ಕೆ ಇಬ್ಬರು ಮೂವರು ಇರ್ತಾರೆ, ಎರಡೂ ಅಪಾಯವೇ, ಯಾಕಂದ್ರೆ ಮೂವರು ಇದ್ದಲ್ಲಿ ಒಬ್ಬೊಬ್ಬರೂ ಇನ್ನೊಬ್ಬರು ಮಾಡಿರ್ತಾರೆ ಅನ್ಕೊಂಡು ಬಿಡ್ತಾರೆ. ಒಂದು ಷರತ್ತಿಗೆ ಒಂದೇ ಹೆಸರು.

ಟೆಕ್ ಸ್ಪೆಕ್ ಬಾಯಿಪಾಠ ಬೇಡ, ಆದ್ರೆ ಕಾರಣ ಗೊತ್ತಿರ್ಲಿ

ಟೆಕ್ ಸ್ಪೆಕ್‌ನಲ್ಲಿ ನಾಲ್ಕು ಥರದ ವಿಷಯ ಇರತ್ತೆ. ದಾಟಲೇಬಾರದ ಸೇಫ್ಟಿ ಲಿಮಿಟ್, ಅದಕ್ಕಿಂತ ಮುಂಚೆಯೇ ರಿಯಾಕ್ಟರನ್ನ ಟ್ರಿಪ್ ಮಾಡೋ (ತಾನಾಗೇ ನಿಲ್ಲಿಸೋ) ಸೆಟ್ಟಿಂಗ್, ಯಾವ ಉಪಕರಣ ಎಷ್ಟು ಕೆಲಸ ಮಾಡ್ತಿದ್ರೆ ಮಾತ್ರ ನಡೆಸಬಹುದು ಅನ್ನೋ ಎಲ್‌ಸಿಒ, ಮತ್ತೆ ಇವೆಲ್ಲ ಸರಿ ಇದೆ ಅಂತ ತೋರಿಸೋ ಸರ್ವೇಲೆನ್ಸ್ ಟೆಸ್ಟುಗಳು. ಜಗಳ ಆಗೋದು ಮೂರನೇದ್ರಲ್ಲಿ. ಒಂದು ಪಂಪ್ ಕೆಟ್ಟಿತು ಅಂದ್ರೆ ರಿಪೇರಿಗೆ ಇಷ್ಟು ಗಂಟೆ ಅಂತ ಟೈಮ್ ಕೊಟ್ಟಿರತ್ತೆ, ಆ ಗಡಿಯಾರ ಯಾವಾಗ ಶುರುವಾಯ್ತು ಅನ್ನೋದೇ ಪ್ರಶ್ನೆ: ಫೀಲ್ಡ್ ಆಪರೇಟರ್ ಸದ್ದು ಕೇಳಿ ಫೋನ್ ಮಾಡಿದಾಗ್ಲಾ, ಮೇಂಟೆನೆನ್ಸ್‌ನವರು ಬಂದು ಹೌದು ಕೆಟ್ಟಿದೆ ಅಂದಾಗ್ಲಾ? ನನ್ನ ಮಟ್ಟಿಗೆ ಸಂಶಯ ಬಂದ ಕ್ಷಣವೇ ಶುರು. ಇದನ್ನ ಬರವಣಿಗೆಯಲ್ಲಿ ಮಾಡಿಸ್ಕೊಳ್ಳಿ, ಕಂಟ್ರೋಲ್ ರೂಮಿನ ಲಾಗ್‌ಬುಕ್ಕಲ್ಲಿ ಸಮಯ ಹಾಕೋ ಅಭ್ಯಾಸ ಮಾಡ್ಸಿ, ರಾತ್ರಿ ಎರಡು ಗಂಟೆಗೆ ಶಿಫ್ಟ್ ಚಾರ್ಜ್ ಇಂಜಿನಿಯರ್ ಒಬ್ಬರೇ ಕೂತು ಇದನ್ನ ತೀರ್ಮಾನ ಮಾಡೋ ಪರಿಸ್ಥಿತಿ ಬರಬಾರದು.

ರಿಯಾಕ್ಟರ್ ನಿಲ್ಲಿಸ್ಬೇಕು ಅಂತ ಶಿಫ್ಟ್ ಚಾರ್ಜ್ ಇಂಜಿನಿಯರ್‌ಗೆ ಅನ್ಸಿದ್ರೆ ಯಾರ ಪರ್ಮಿಷನ್ನೂ ಬೇಡ ಅನ್ನೋದು ಪುಸ್ತಕದಲ್ಲಿ ಇರತ್ತೆ. ನಿಜವಾಗ್ಲೂ ಹಾಗೆ ನಿಲ್ಲಿಸಿದವರನ್ನ ಮಾರನೇ ದಿನದ ಮೀಟಿಂಗಲ್ಲಿ ಯಾವ ಧಾಟಿಯಲ್ಲಿ ಮಾತಾಡಿಸ್ತಾರೆ ಅನ್ನೋದ್ರ ಮೇಲೆ ಆ ಅಧಿಕಾರ ಉಳಿಯತ್ತೆ ಅಥವಾ ಸಾಯತ್ತೆ. ಆ ಮೀಟಿಂಗಲ್ಲಿ ಮೊದಲು ಮಾತಾಡೋರು ನೀವಾಗಿರಿ, ನಿಲ್ಲಿಸಿದ್ದು ಸರಿ ಅಂತ ಹೇಳಿ, ಆಮೇಲೆ ಕಾರಣ ಹುಡುಕಿ. ಕೈಗಾ ಒಂದನೇ ಘಟಕ 2016ರ ಮೇ ಇಂದ 2018ರ ಡಿಸೆಂಬರ್‌ವರೆಗೆ 962 ದಿನ ನಿಲ್ಲದೆ ಓಡಿ ಆಗ ವಿಶ್ವದಾಖಲೆ ಮಾಡ್ತು, ನಮಗೆಲ್ಲ ಹೆಮ್ಮೆ ಇದೆ, ಇರ್ಲೇಬೇಕು, ಆದ್ರೆ ಇಷ್ಟು ದಿನ ಆಯ್ತು ಅನ್ನೋ ಬೋರ್ಡು ಸೇಫ್ಟಿ ತೀರ್ಮಾನ ಮಾಡೋ ಟೇಬಲ್ ಮೇಲೆ ಇರಬಾರದು.

ಆಪರೇಟರುಗಳ ಲೈಸೆನ್ಸ್ ಮೂರು ವರ್ಷಕ್ಕೊಮ್ಮೆ ನವೀಕರಣ ಆಗ್ಬೇಕು. ತಾರೀಖು ರಿಜಿಸ್ಟರಲ್ಲಿ ಹಾಕಿ, ಆರು ತಿಂಗಳು ಮೊದಲೇ ನೆನಪಿಸಿ, ಇದು ಸುಲಭದ ಕೆಲಸ.

ಫೀಲ್ಡಿಗೆ ಹೋಗಿ, ವಾರಕ್ಕೆ ಎರಡು ಸಲ ಆದ್ರೂ

1993ರ ಮಾರ್ಚ್ 31ಕ್ಕೆ ಉತ್ತರಪ್ರದೇಶದ ನರೋರಾದಲ್ಲಿ ಆಗಿದ್ದನ್ನ ಈ ಕೆಲಸಕ್ಕೆ ಬರೋ ಪ್ರತಿಯೊಬ್ಬರೂ ವಿವರವಾಗಿ ಓದ್ಲೇಬೇಕು. ಟರ್ಬೈನ್ ಬ್ಲೇಡುಗಳು ಮುರಿದ್ವು, ವಿಪರೀತ ಕಂಪನಕ್ಕೆ ಜನರೇಟರಿನ ಹೈಡ್ರೋಜನ್ ಸೋರಿ ಬೆಂಕಿ ಹತ್ತಿತು, ಎಣ್ಣೆಗೂ ಹತ್ತಿತು, ಅಲ್ಲಿಂದ ಕೇಬಲ್ಲಿಗೆ. ರಿಯಾಕ್ಟರ್ ಏನೋ ಟ್ರಿಪ್ ಆಯ್ತು, ಆದ್ರೆ ಮುಖ್ಯ ಕರೆಂಟಿನ ಕೇಬಲ್ಲೂ ಬದಲಿ ಕರೆಂಟಿನ ಕೇಬಲ್ಲೂ ಹತ್ತಿರ ಹತ್ತಿರವೇ ಹಾದು ಹೋಗಿದ್ದರಿಂದ, ನಡುವೆ ಬೆಂಕಿ ತಡೆಯೋ ವ್ಯವಸ್ಥೆ ಇಲ್ದೇ ಇದ್ದಿದ್ದರಿಂದ, ಎರಡೂ ಸುಟ್ಟುಹೋಗಿ ಸುಮಾರು 17 ಗಂಟೆ ಇಡೀ ಘಟಕಕ್ಕೆ ಕರೆಂಟೇ ಇರ್ಲಿಲ್ಲ. ಕಂಟ್ರೋಲ್ ರೂಮಿಗೆ ಹೊಗೆ ತುಂಬಿ ಜನ ಹೊರಗೆ ಬರಬೇಕಾಯ್ತು. ಆಪರೇಟರುಗಳು ಟಾರ್ಚ್ ಹಿಡ್ಕೊಂಡು ರಿಯಾಕ್ಟರ್ ಕಟ್ಟಡ ಹತ್ತಿ ಕೈಯಲ್ಲೇ ವಾಲ್ವ್ ತಿರುಗಿಸಿ, ರಿಯಾಕ್ಟರ್ ಮತ್ತೆ ಶುರುವಾಗದ ಹಾಗೆ ತಡೆಯೋ ಬೋರಾನ್ ದ್ರಾವಣ ಬಿಟ್ರು, ಬೆಂಕಿ ನಂದಿಸೋಕೆ ಇಟ್ಟಿದ್ದ ಡೀಸೆಲ್ ಪಂಪಿಂದ ಸ್ಟೀಮ್ ಜನರೇಟರಿಗೆ ನೀರು ಕೊಟ್ಟು ಶಾಖ ತೆಗೆದ್ರು. ವಿಕಿರಣ ಹೊರಗೆ ಬರ್ಲಿಲ್ಲ. ಅವತ್ತು ಉಳಿಸಿದ್ದು ಆ ಮನುಷ್ಯರು. ಎರಡು ಕರೆಂಟು ಇದೆ ಅಂತ ಕಾಗದದಲ್ಲಿತ್ತು, ಬೆಂಕಿಗೆ ಮಾತ್ರ ಅದು ಒಂದೇ ಆಗಿತ್ತು.

ಹಾಗಾಗಿ ನೀವು ಫೀಲ್ಡಿಗೆ ಹೋದಾಗ ಸುಮ್ನೆ ಸುತ್ತಾಡಿ ಬರಬೇಡಿ, ಒಂದು ಸಲಕ್ಕೆ ಒಂದು ಪ್ರಶ್ನೆ ಇಟ್ಕೊಂಡು ಹೋಗಿ. ಇವತ್ತು ಗೋಡೆಯಲ್ಲಿ ಕೇಬಲ್ ಹಾದು ಹೋಗಿರೋ ತೂತುಗಳು. ಕಳೆದ ವರ್ಷ ಯಾವುದೋ ಹೊಸ ಕೇಬಲ್ ಎಳೆಯೋಕೆ ಸೀಲ್ ಒಡೆದಿರ್ತಾರೆ, ವಾಪಸ್ ಹಾಕಿದಾರಾ? ಬೆರಳಿಟ್ಟು ನೋಡಿ, ಗಟ್ಟಿ ಇದೆಯಾ ಇಲ್ಲ ಹತ್ತಿ ತುರುಕಿ ಬಣ್ಣ ಬಳಿದಿದಾರಾ. ಕೇಬಲ್ ಟ್ರೇ ಹಿಡಿದು ಒಂದು ಡಿವಿಷನ್ನಿನ (ಒಂದಕ್ಕೊಂದು ಬದಲಿಯಾಗಿರೋ ಕರೆಂಟ್ ದಾರಿಗಳಲ್ಲಿ ಒಂದರ) ಕೇಬಲ್ ಎಲ್ಲಿಂದ ಎಲ್ಲಿಗೆ ಹೋಗತ್ತೆ ಅಂತ ಕಾಲ್ನಡಿಗೆಯಲ್ಲೇ ಹಿಂಬಾಲಿಸಿ, ಡ್ರಾಯಿಂಗ್ ಕೈಯಲ್ಲಿರ್ಲಿ. ಇನ್ನೊಂದು ದಿನ ಬರೀ ಟೆಂಪರರಿ ಜಂಪರುಗಳು (ತಾತ್ಕಾಲಿಕವಾಗಿ ಹಾಕಿದ ಅಡ್ಡ ವೈರುಗಳು): ಯಾವಾಗ ಹಾಕಿದ್ದು, ಟ್ಯಾಗ್ ಇದೆಯಾ, ತೆಗೆಯೋ ತಾರೀಖು ದಾಟಿದೆಯಾ. ಹಳದಿ ಬಣ್ಣ ಮಾಸಿ ಓದೋಕೇ ಆಗದ ಟ್ಯಾಗು ಸಿಕ್ಕಿದ್ರೆ ಅದು ಎಷ್ಟು ವರ್ಷದ ಟೆಂಪರರಿ ಅಂತ ತಿಳ್ಕೊಳ್ಳೋಕೆ ಬೇರೆ ಸಾಕ್ಷಿ ಬೇಕಾಗಿಲ್ಲ.

ಮೇ ತಿಂಗಳ ಕೊನೆಯೊಳಗೆ ಮಳೆಗಾಲದ ಸುತ್ತು ಮುಗಿದಿರ್ಬೇಕು. 1994ರ ಜೂನಲ್ಲಿ ಗುಜರಾತಿನ ಕಾಕ್ರಾಪಾರದಲ್ಲಿ ಭಾರೀ ಮಳೆಗೆ ಟರ್ಬೈನ್ ಕಟ್ಟಡದ ತಳಭಾಗಕ್ಕೆ ನೀರು ನುಗ್ಗಿತ್ತು, 2004ರ ಸುನಾಮಿಯಲ್ಲಿ ಕಲ್ಪಾಕ್ಕಂನ ಪಂಪ್‌ಹೌಸಿಗೆ ಸಮುದ್ರದ ನೀರು ಬಂತು. ಘಟ್ಟದ ಕಡೆ ಚರಂಡಿ, ಮೋರಿ, ಗುಡ್ಡದ ಇಳಿಜಾರು, ಕೇಬಲ್ ಟ್ರೆಂಚಿನ ಮುಚ್ಚಳ, ಡೀಸೆಲ್ ಟ್ಯಾಂಕಿನ ವೆಂಟು, ಎಲ್ಲಾ ಖುದ್ದಾಗಿ ನೋಡಿ. ಎಲೆ ಕಟ್ಟಿಕೊಂಡ ಒಂದು ಜಾಲರಿ ಸಾಕು ನೀರು ದಾರಿ ಬದಲಿಸೋಕೆ.

ಡೋಸ್: ಮಿತಿಯೊಳಗೆ ಇದ್ರೆ ಸಾಲದು

ಡೋಸ್ ಅಂದ್ರೆ ಮೈಗೆ ತಗಲೋ ವಿಕಿರಣ, ಅಳೆಯೋದು ಮಿಲಿಸೀವರ್ಟಲ್ಲಿ. ಲೆಕ್ಕ ಇದು. ವಿಕಿರಣದಲ್ಲಿ ಕೆಲಸ ಮಾಡೋರಿಗೆ ಐದು ವರ್ಷದ ಸರಾಸರಿ ವರ್ಷಕ್ಕೆ 20 ಮಿಲಿಸೀವರ್ಟ್, ಯಾವುದೇ ಒಂದು ವರ್ಷದಲ್ಲಿ 30 ದಾಟಬಾರದು. ಹೊರಗಿನ ಜನರಿಗೆ ವರ್ಷಕ್ಕೆ 1 ಮಿಲಿಸೀವರ್ಟ್. ಇವು ಗೋಡೆಗಳು, ಗುರಿ ಅಲ್ಲ. ಗುರಿ ಅಂದ್ರೆ ಅಲಾರಾ, ಸಾಧ್ಯ ಇದ್ದಷ್ಟೂ ಕಮ್ಮಿ. ಪ್ರತಿ ಶಟ್‌ಡೌನಿಗೆ ಮುಂಚೆ ಕೆಲಸದ ಲೆಕ್ಕದಲ್ಲಿ ಡೋಸ್ ಬಜೆಟ್ ಮಾಡಿ, ಯಾವ ಕೆಲಸ ಬಜೆಟ್ ಮೀರ್ತು ಅಂತ ದಿನಾ ಸಂಜೆ ನೋಡಿ, ಶಟ್‌ಡೌನ್ ಮುಗಿದ್ಮೇಲೆ ನೋಡಿದ್ರೆ ಪೋಸ್ಟ್‌ಮಾರ್ಟಂ ಆಗತ್ತೆ ಅಷ್ಟೇ.

ಭಾರಜಲದ ರಿಯಾಕ್ಟರಲ್ಲಿ ವಿಶೇಷವಾಗಿ ಹುಷಾರಾಗಿರಬೇಕಾದ್ದು ಟ್ರಿಟಿಯಂ, ಅಂದ್ರೆ ವಿಕಿರಣ ಸೂಸೋ ಹೈಡ್ರೋಜನ್. ಇದರ ಬೀಟಾ ಕಿರಣ ತುಂಬಾ ದುರ್ಬಲ, ಎದೆ ಮೇಲಿರೋ, ಡೋಸ್ ಅಳೆಯೋ ಟಿಎಲ್‌ಡಿ ಬ್ಯಾಡ್ಜಿಗೆ ಕಾಣಲ್ಲ, ಉಸಿರಲ್ಲೋ ಚರ್ಮದಿಂದಲೋ ಬಾಯಿಂದಲೋ ಒಳಗೆ ಹೋದ್ರೆ ಮೈಯಲ್ಲಿರೋ ನೀರಿನ ಜೊತೆ ಬೆರೆತುಬಿಡತ್ತೆ. ಅದಕ್ಕೇ ಮೂತ್ರದ ಸ್ಯಾಂಪಲ್. 2009ರ ನವೆಂಬರಲ್ಲಿ ಕೈಗಾದಲ್ಲಿ ಕುಡಿಯೋ ನೀರಿನ ಕೂಲರಿಗೆ ಯಾರೋ ಬೇಕಂತ್ಲೇ ಟ್ರಿಟಿಯಂ ಇದ್ದ ಭಾರಜಲ ಬೆರೆಸಿದ್ದು ಎಲ್ರಿಗೂ ನೆನಪಿರ್ಬಹುದು, 50ಕ್ಕೂ ಹೆಚ್ಚು ಜನರ ಮೈಗೆ ಸೇರಿತ್ತು. ಅದು ಸಿಕ್ಕಿಬಿದ್ದಿದ್ದು ಯಾವ ವಿಶೇಷ ತನಿಖೆಯಿಂದಲೂ ಅಲ್ಲ, ಮಾಮೂಲಿ ಸ್ಯಾಂಪಲ್ ಕೊಡೋ ಪದ್ಧತಿಯಿಂದ. ಸ್ಯಾಂಪಲ್ ಬಾಟ್ಲಿ ಕೊಡೋಕೆ ಜನರಿಗೆ ಬೇಜಾರು, ಶಿಫ್ಟ್ ಮುಗಿಸಿ ಬಸ್ಸು ಹಿಡಿಯೋ ಆತುರ, ಲೇಟಾಗಿ ಕೊಡೋದು, ಮರೆಯೋದು ಎಲ್ಲಾ ನಡೀತಿರತ್ತೆ, ಆದ್ರೆ ಅದನ್ನ ಕಾಟಾಚಾರಕ್ಕೆ ಬಿಟ್ರೆ ಇಂಥದ್ದು ತಿಂಗಳುಗಟ್ಲೆ ಗೊತ್ತಾಗ್ದೇ ಹೋಗಬಹುದು. ಎಷ್ಟು ಜನ ಕೊಡ್ಬೇಕಿತ್ತು ಎಷ್ಟು ಜನ ಕೊಟ್ರು ಅನ್ನೋ ಲೆಕ್ಕ ಪ್ರತಿ ವಾರ ನಿಮ್ಮ ಟೇಬಲ್ಲಿಗೆ ಬರ್ಲಿ. ಹಾಗೇ ಭಾರಜಲದ ಸ್ಯಾಂಪಲ್ ತೆಗೆಯೋ ಜಾಗಗಳಿಗೆ ಬೀಗ, ಅಲ್ಲಿಗೆ ಯಾರು ಹೋಗಬಹುದು ಅನ್ನೋ ಪಟ್ಟಿ, ನೀರಿನ ಕೂಲರುಗಳಿಗೆ ಬೀಗ ಮತ್ತು ಕ್ಯಾಮರಾ, ಇವೂ ಸೇಫ್ಟಿ ವಿಷಯವೇ, ಸೆಕ್ಯೂರಿಟಿಯವರ ಕೆಲಸ ಅಂತ ಕೈ ತೊಳ್ಕೊಳ್ಳೋ ಹಾಗಿಲ್ಲ.

ಕಾಂಟ್ರಾಕ್ಟ್ ಕೆಲಸದವರ ಬಗ್ಗೆ ನನಗೆ ಬಹಳ ಕಾಳಜಿ ಇದೆ. ಡೋಸ್ ಜಾಸ್ತಿ ಇರೋ ಒರೆಸೋ, ತೊಳೆಯೋ, ಇನ್ಸುಲೇಶನ್ ಬಿಚ್ಚೋ ಕೆಲಸ ಹೆಚ್ಚಾಗಿ ಅವರ ಪಾಲಿಗೇ ಬರತ್ತೆ. ಕೆಲಸಕ್ಕೆ ಮುಂಚಿನ ಬ್ರೀಫಿಂಗ್ ಅವರಿಗೆ ಅರ್ಥ ಆಗೋ ಭಾಷೆಯಲ್ಲಿ ಆಗ್ಲಿ, ಕಾರವಾರದ ಕಡೆಯವರಿಗೆ ಕನ್ನಡ ಇಲ್ಲ ಕೊಂಕಣಿ, ಹೊರಗಿಂದ ಬಂದವರಿಗೆ ಹಿಂದಿ. ಬ್ರೀಫಿಂಗ್ ಆದ್ಮೇಲೆ ಅರ್ಥ ಆಯ್ತಾ ಅಂತ ಕೇಳ್ಬೇಡಿ, ಎಲ್ರೂ ಹೂಂ ಸರ್ ಅಂತಾರೆ. ಡೋಸಿಮೀಟರ್ ಕೂಗಿದ್ರೆ ಏನ್ ಮಾಡ್ತೀರಿ ಅಣ್ಣ ಅಂತ ಕೇಳಿ, ಅವರ ಬಾಯಿಂದ್ಲೇ ಉತ್ತರ ಬರ್ಲಿ.

ಚಿಕ್ಕ ವಿಷಯ ಚಿಕ್ಕದಾಗಿದ್ದಾಗ್ಲೇ ಹಿಡೀರಿ

ಉಗುರಲ್ಲಿ ಹೋಗೋದಕ್ಕೆ ಕೊಡಲಿ ತಗೊಳ್ಳೋ ಸ್ಥಿತಿಗೆ ಬಂದ ಸ್ಥಾವರಗಳ ಕಥೆ ಬೇಕಾದಷ್ಟಿದೆ. ಅಮೆರಿಕದ ಡೇವಿಸ್-ಬೆಸ್ಸಿ ಒಂದೇ ಸಾಕು. 1977ರ ಸೆಪ್ಟೆಂಬರಲ್ಲಿ ಅಲ್ಲಿ ಪ್ರೆಷರ್ ಬಿಡೋ ಒಂದು ವಾಲ್ವ್ ತೆರೆದೇ ಉಳಿದುಬಿಡ್ತು, ಆಪರೇಟರುಗಳು ಬೇಗ ಗುರುತಿಸಿ ಮುಚ್ಚಿದ್ರು, ಏನೂ ಆಗ್ಲಿಲ್ಲ. ಆದ್ರೆ ಆ ಪಾಠ ಅದೇ ಥರದ ಬೇರೆ ಸ್ಥಾವರಗಳ ಕಂಟ್ರೋಲ್ ರೂಮ್ ತಲುಪ್ಲಿಲ್ಲ, 1979ರ ಮಾರ್ಚ್ 28ಕ್ಕೆ ಅಮೆರಿಕದ್ದೇ ತ್ರೀ ಮೈಲ್ ಐಲ್ಯಾಂಡ್ ಸ್ಥಾವರದಲ್ಲಿ ಅಂಥದ್ದೇ ವಾಲ್ವ್ ಹಾಗೇ ಸಿಕ್ಕಿಹಾಕ್ಕೊಂಡು ರಿಯಾಕ್ಟರಿನ ಒಳಭಾಗ ಅರ್ಧದಷ್ಟು ಕರಗಿಹೋಯ್ತು. ಅದೇ ಡೇವಿಸ್-ಬೆಸ್ಸಿಯಲ್ಲಿ 2002ರಲ್ಲಿ ರಿಯಾಕ್ಟರ್ ಪಾತ್ರೆಯ ಮುಚ್ಚಳವನ್ನ ಬೋರಿಕ್ ಆಸಿಡ್ ತಿಂದು ಒಂದು ಕಡೆ ಬರೀ ಒಳಗಿನ ತೆಳು ಸ್ಟೀಲ್ ಪದರ ಮಾತ್ರ ಉಳಿದಿತ್ತು. ಅದಕ್ಕೂ ಎಷ್ಟೋ ಮುಂಚಿಂದ ಕಂಟೈನ್‌ಮೆಂಟ್ (ರಿಯಾಕ್ಟರನ್ನ ಸುತ್ತುವರಿದ ಗಟ್ಟಿ ಕಟ್ಟಡ) ಒಳಗಿನ ರೇಡಿಯೇಷನ್ ಮಾನಿಟರಿನ ಫಿಲ್ಟರುಗಳಿಗೆ ತುಕ್ಕಿನ ಪುಡಿ ಕಟ್ಕೊಳ್ತಿತ್ತು, ತಿಂಗಳಿಗೊಮ್ಮೆ ಬದಲಿಸ್ತಿದ್ದ ಫಿಲ್ಟರನ್ನ ದಿನ ಬಿಟ್ಟು ದಿನ ಬದಲಿಸೋ ಹಾಗೆ ಆಗಿತ್ತು. ಬದಲಿಸ್ತಾ ಇದ್ರು. ತುಕ್ಕು ಎಲ್ಲಿಂದ ಬರ್ತಿದೆ ಅನ್ನೋದನ್ನ ಕೊನೆ ಮುಟ್ಟಿಸ್ಲಿಲ್ಲ.

ನಿಮ್ಮ ಸ್ಥಾವರದಲ್ಲೂ ಇಂಥ ಫಿಲ್ಟರ್ ಒಂದಿರತ್ತೆ. ಅದನ್ನ ಹುಡುಕೋಕೆ ಸ್ಟೋರಿನವರನ್ನ ಕೇಳಿ, ಯಾವ ಸಾಮಾನು ಮೊದಲಿಗಿಂತ ಜಾಸ್ತಿ ಖರ್ಚಾಗ್ತಿದೆ ಅಂತ. ರಾತ್ರಿ ಪಾಳಿ ಟೆಕ್ನಿಷಿಯನ್ನರನ್ನ ಕೇಳಿ, ಯಾವ ಅಲಾರ್ಮ್ ಬಂದ್ರೆ ಸುಮ್ನೆ ಆಫ್ ಮಾಡ್ತೀರಿ ಅಂತ.

ಘಟನೆ ವರದಿ ಆದಾಗ ಮೊದಲ ದಿನ ಯಾರು ಮಾಡಿದ್ದು ಅನ್ನೋ ಪ್ರಶ್ನೆ ಎತ್ತಲೇಬೇಡಿ. ಸಮಯದ ಪ್ರಕಾರ ಏನೇನಾಯ್ತು ಅಂತ ಬರ್ಕೊಳ್ಳಿ, ಜನ ಮರೆಯೋ ಮುಂಚೆ. ಆಪರೇಟರ್ ಪ್ರೊಸೀಜರ್ ಫಾಲೋ ಮಾಡ್ಲಿಲ್ಲ ಅಂತ ಕೊನೆಗೊಳ್ಳೋ ರೂಟ್ ಕಾಸ್ ರಿಪೋರ್ಟನ್ನ ವಾಪಸ್ ಕಳಿಸಿ. ಯಾಕೆ ಫಾಲೋ ಮಾಡ್ಲಿಲ್ಲ? ಪ್ರೊಸೀಜರಲ್ಲಿ ಹೇಳಿರೋ ವಾಲ್ವಿಗೆ ಕೈ ಎಟುಕ್ತಿತ್ತಾ? ಪರಿಹಾರ ಅಂತ ಬರೀ ಟ್ರೈನಿಂಗ್ ಕೊಡಲಾಯಿತು ಅಂತ ಬರೆದಿದ್ರೆ ಅದು ತಿಪ್ಪೆ ಸಾರಿಸಿದ ಹಾಗೆ. ಎಇಆರ್‌ಬಿಗೆ ತಿಳಿಸಬೇಕಾದ ಘಟನೆಗಳಿಗೆ ಗಡುವು ಇರತ್ತೆ, ಪೂರ್ತಿ ಮಾಹಿತಿ ಸಿಗ್ಲಿ ಅಂತ ಕಾಯ್ಬೇಡಿ, ಗೊತ್ತಿರೋಷ್ಟನ್ನ ಟೈಮಿಗೆ ಕಳಿಸಿ. 0 ಇಂದ 7ರವರೆಗಿನ ಐನೆಸ್ (ಅಣು ಘಟನೆ ಎಷ್ಟು ಗಂಭೀರ ಅಂತ ಹೇಳೋ ಅಂತರರಾಷ್ಟ್ರೀಯ ಅಳತೆ) ಮಟ್ಟ ಹೊರಗಿನವರಿಗೆ ಅರ್ಥ ಮಾಡಿಸೋಕೆ ಇರೋದು, 0 ಬಂತು ಅಂತ ಒಳಗಿನ ತನಿಖೆ ಸಡಿಲ ಬಿಡೋ ಹಾಗಿಲ್ಲ.

ಬದಲಾವಣೆ, ಕಮಿಟಿ, ಇನ್‌ಸ್ಪೆಕ್ಷನ್

ಯಾವುದೇ ಮಾಡಿಫಿಕೇಶನ್ ಮೊದಲು ಸ್ಥಾವರದೊಳಗೇ ಸುರಕ್ಷತೆ ಪರಿಶೀಲಿಸೋ ಸೋರ್ಕ್ ಕಮಿಟಿಗೆ, ಆಮೇಲೆ ಮುಖ್ಯ ಕಚೇರಿಯ ಸಮಿತಿಗೆ, ಸೇಫ್ಟಿಗೆ ಸಂಬಂಧ ಇದ್ರೆ ಎಇಆರ್‌ಬಿಯಲ್ಲಿ ನಡೀತಿರೋ ಸ್ಥಾವರಗಳ ಸುರಕ್ಷತೆ ನೋಡೋ ಸಾರ್ಕಾಪ್ ಸಮಿತಿವರೆಗೆ ಹೋಗತ್ತೆ. ಪ್ರಸ್ತಾವನೆ ಬರೆಯುವಾಗ ಏನು ಬದಲಾಗತ್ತೆ, ಯಾವ ಸೇಫ್ಟಿ ಕೆಲಸಕ್ಕೆ ತಗಲತ್ತೆ, ಹೊಸದಾಗಿ ಏನು ಕೆಡಬಹುದು, ಮಾಡುವಾಗ ಮಧ್ಯದಲ್ಲಿ ಸ್ಥಾವರ ಯಾವ ಸ್ಥಿತಿಯಲ್ಲಿರತ್ತೆ, ಇಷ್ಟು ಮೊದಲ ಪುಟದಲ್ಲೇ ಬರ್ಲಿ. ಮಧ್ಯದ ಸ್ಥಿತಿಯನ್ನ ತುಂಬಾ ಜನ ಮರೀತಾರೆ.

ನಿಯಂತ್ರಕರು ನಿಲ್ಲಿಸಿ ಅಂದಾಗ ಪ್ರಾಜೆಕ್ಟ್ ಲೇಟಾಗತ್ತೆ ಅಂತ ಗೊಣಗೋರಿಗೆ ಕೈಗಾ ಡೋಮ್ ಬಗ್ಗೆ ಹೇಳಿ. 1994ರ ಮೇ 13ಕ್ಕೆ, ಇನ್ನೂ ಕಟ್ಟುವಾಗ್ಲೇ, ಒಂದನೇ ಘಟಕದ ಒಳಗಿನ ಕಂಟೈನ್‌ಮೆಂಟ್ ಡೋಮಿನ ಕಾಂಕ್ರೀಟ್ ಪದರ ಕಳಚಿ ಬಿತ್ತು. ಡಿಸೈನ್ ಮತ್ತೆ ಪರಿಶೀಲನೆಯಾಗಿ ಡೋಮ್ ಹೊಸದಾಗಿ ಕಟ್ಟಿದ್ರು, ಮೊದಲ ಎರಡು ಘಟಕ ವಾಣಿಜ್ಯ ಉತ್ಪಾದನೆ ಶುರು ಮಾಡೋಹೊತ್ತಿಗೆ 2000 ಆಯ್ತು. ಆ ವರ್ಷಗಳು ದಂಡ ಆಗ್ಲಿಲ್ಲ.

ಇನ್‌ಸ್ಪೆಕ್ಷನ್ ಬಂದಾಗ ಬಣ್ಣ ಬಳಿಯೋ ಚಾಳಿ ನಿಲ್ಲಿಸಿ. ನಿಮಗೆ ಗೊತ್ತಿರೋ ಕೊರತೆಗಳ ಪಟ್ಟಿಯನ್ನ ಮೊದಲ ಮೀಟಿಂಗಲ್ಲೇ ನೀವೇ ಕೊಟ್ಬಿಡಿ. ಉತ್ತರ ಗೊತ್ತಿಲ್ದಿದ್ರೆ ನೋಡಿ ಸಂಜೆ ಹೇಳ್ತೀನಿ ಅನ್ನಿ, ಸಂಜೆ ಹೇಳಿ. ಪರಿಹಾರಕ್ಕೆ ತಾರೀಖು ಕೊಡುವಾಗ ಬಿಡಿಭಾಗ ಬರೋಕೆ ಎಷ್ಟು ದಿನ ಅಂತ ಖರೀದಿ ವಿಭಾಗದವರನ್ನ ಕೇಳಿ ಆಮೇಲೆ ಬರೀರಿ. ಹತ್ತು ವರ್ಷಕ್ಕೊಮ್ಮೆ ಬರೋ ಪಿಎಸ್‌ಆರ್ ಅಂದ್ರೆ ಸಮಗ್ರ ಸುರಕ್ಷತಾ ಪರಿಶೀಲನೆಗೆ ಎರಡು ವರ್ಷ ಮೊದಲೇ ಕೂತ್ಕೊಳ್ಳಿ, ಕೇಬಲ್, ಪೈಪು, ಕಾಂಕ್ರೀಟಿಗೆ ವಯಸ್ಸಾಗಿರೋ ಮಾಹಿತಿ ಒಟ್ಟು ಮಾಡೋಕೇ ಅಷ್ಟು ಬೇಕು.

ತುರ್ತು ಪರಿಸ್ಥಿತಿ ಮತ್ತು ಊರಿನವರು

ಸ್ಥಾವರದ ಒಳಗಿನ ಡ್ರಿಲ್ಲು ನಿಮ್ಮ ಕೈಯಲ್ಲಿದೆ, ಹೊರಗಿನದ್ದಕ್ಕೆ ಜಿಲ್ಲಾಧಿಕಾರಿ ಮುಖ್ಯಸ್ಥರು, ಕೈಗಾ ಆದ್ರೆ ಉತ್ತರ ಕನ್ನಡದ ಡಿಸಿ. ಅವರು ಬದಲಾಗ್ತಾ ಇರ್ತಾರೆ, ಹೊಸಬರು ಬಂದ ತಿಂಗಳೊಳಗೆ ಹೋಗಿ ಭೇಟಿ ಮಾಡಿ. ತಹಶೀಲ್ದಾರ್, ಪೊಲೀಸ್, ಆರೋಗ್ಯ ಇಲಾಖೆ, ಸಾರಿಗೆ ಡಿಪೋದವರ ಫೋನ್ ನಂಬರ್ ಮೂರು ತಿಂಗಳಿಗೊಮ್ಮೆ ಡಯಲ್ ಮಾಡಿಯೇ ಚೆಕ್ ಮಾಡಿ.

2011ರ ಫುಕುಶಿಮಾ ಆದ್ಮೇಲೆ ನಮ್ಮ ಸ್ಥಾವರಗಳಲ್ಲಿ ಹೊರಗಿಂದ ಫೈರ್ ಇಂಜಿನ್ ತಂದು ನೀರು ಕೊಡೋಕೆ ಹುಕ್‌ಅಪ್ ಪಾಯಿಂಟುಗಳನ್ನ ಹಾಕಿದಾರೆ. ಡ್ರಿಲ್ಲಲ್ಲಿ ಆ ಪೈಪನ್ನ ನಿಜವಾಗ್ಲೂ ಜೋಡಿಸಿ. ಹಗಲು ಹೊತ್ತಲ್ಲಿ ಅಲ್ಲ, ಜುಲೈ ತಿಂಗಳ ರಾತ್ರಿ, ಮಳೆಯಲ್ಲಿ, ಕೈಗವಸು ಹಾಕ್ಕೊಂಡು, ಲೈಟ್ ಆರಿಸಿ. ಕಪ್ಲಿಂಗ್ ಕೂರತ್ತಾ, ಜಿಲ್ಲಾ ಅಗ್ನಿಶಾಮಕದವರ ಪೈಪಿನ ಅಳತೆಯೂ ಇದೇನಾ, ಗಾಡಿ ಅಲ್ಲಿವರೆಗೆ ಬರೋ ದಾರಿಯಲ್ಲಿ ಯಾರಾದ್ರೂ ಸ್ಕ್ಯಾಫೋಲ್ಡಿಂಗ್ ರಾಶಿ ಹಾಕಿದಾರಾ. ಊರಲ್ಲಿ ಸೈರನ್ ಕೇಳತ್ತಾ ಅನ್ನೋದನ್ನ ಜೋರು ಮಳೆ ದಿನ ಕೊನೇ ಮನೆ ಅಂಗಳದಲ್ಲಿ ನಿಂತು ನೋಡಿ. ಘಾಟಿ ರಸ್ತೆಯಲ್ಲಿ ಮರ ಬಿದ್ರೆ ಬಸ್ಸುಗಳಿಗೆ ಬದಲಿ ದಾರಿ ಯಾವುದು ಅಂತ ಡ್ರೈವರುಗಳಿಗೇ ಗೊತ್ತಿರ್ಬೇಕು, ಪ್ಲಾನಿನ ಪುಸ್ತಕದಲ್ಲಿದ್ರೆ ಸಾಲದು. ಥೈರಾಯ್ಡ್ ಕಾಪಾಡೋಕೆ ಜನರಿಗೆ ಹಂಚೋ ಅಯೋಡಿನ್ ಮಾತ್ರೆಯ ಎಕ್ಸ್‌ಪೈರಿ ನೋಡಿ.

ಸ್ಥಾವರ ಶುರುವಾಗೋಕೆ ಎಷ್ಟೋ ವರ್ಷ ಮೊದಲಿಂದ್ಲೇ ಪರಿಸರ ಸಮೀಕ್ಷಾ ಪ್ರಯೋಗಾಲಯ ಸುತ್ತಲಿನ ನೀರು, ಮಣ್ಣು, ಹಾಲು, ಮೀನು, ಅಕ್ಕಿಯ ಸ್ಯಾಂಪಲ್ ತೆಗೀತಾ ಬಂದಿರತ್ತೆ, ಮೊದಲು ಎಷ್ಟಿತ್ತು ಈಗ ಎಷ್ಟಿದೆ ಅಂತ ಹೋಲಿಸೋಕೆ. ಈ ಲೆಕ್ಕ ಊರಿನವರಿಗೆ ಕನ್ನಡದಲ್ಲಿ ತಲುಪ್ಬೇಕು, ಅದೂ ಅವರು ಕೇಳೋ ಮುಂಚೆ. ಗ್ರಾಮ ಪಂಚಾಯ್ತಿ ಸಭೆಗೆ ಹೋದಾಗ ಯಾರಾದ್ರೂ ಅಜ್ಜಿ ಎದ್ದು ನಮ್ಮೂರಲ್ಲಿ ಕಾಯಿಲೆ ಜಾಸ್ತಿ ಆಗಿದೆ ಕಣಪ್ಪ ಅಂದ್ರೆ, ಎಲ್ಲಾ ಮಿತಿಯೊಳಗಿದೆ ಅಮ್ಮ ಅಂತ ಹೇಳಿ ಕೂರ್ಬೇಡಿ. ಯಾವ ಮನೆ, ಯಾವ ಕಾಯಿಲೆ, ಯಾವಾಗಿಂದ ಅಂತ ಬರ್ಕೊಳ್ಳಿ, ಅವರ ಬಾವಿ ನೀರಿನ ಸ್ಯಾಂಪಲ್ ತೆಗೆಸಿ, ರಿಸಲ್ಟ್ ಬಂದ್ಮೇಲೆ ಕಾಗದ ಹಿಡ್ಕೊಂಡು ಅದೇ ಮನೆಗೆ ವಾಪಸ್ ಹೋಗಿ ಓದಿ ಹೇಳಿ, ಕಾಯಿಲೆ ವಿಷಯವನ್ನ ಜಿಲ್ಲಾ ಆರೋಗ್ಯ ಅಧಿಕಾರಿಗೆ ಬರೆದು ತಿಳಿಸಿ, ಆ ಪತ್ರದ ಪ್ರತಿಯನ್ನೂ ಪಂಚಾಯ್ತಿಗೆ ಕೊಡಿ. ಇದನ್ನೂ ರಿಜಿಸ್ಟರಲ್ಲಿ ಒಂದು ಸಾಲು ಮಾಡ್ಕೊಳ್ಳಿ, ತಾರೀಖು ಹಾಕಿ, ಹೆಸರು ನಿಮ್ಮದೇ ಇರ್ಲಿ.